ಪ್ರೂಫೋ ಮರುಮುದ್ರಣವೋ: ಅತ್ತೆಯ ಆಲ್ಬಮ್ಮಿನ ನೀಲಿ ಅಂಚೆ ಚೀಟಿ

(ಮಹಿಳಾ ವೇದಿಕೆಯ ಮಾಸಿಕ ಕೂಟದಲ್ಲಿ ಮಾಡಿದ ಭಾಷಣದ ಬರಹ ರೂಪ)

"ನಿಮ್ಮ ಹವ್ಯಾಸದ ಬಗ್ಗೆ ಇಪ್ಪತ್ತು ನಿಮಿಷ ಮಾತಾಡಿ" ಎಂದು ಕಾರ್ಯದರ್ಶಿಯವರು ಫೋನ್ ಮಾಡಿದಾಗ ನಾನು ಒಪ್ಪಿಕೊಂಡೆ, ಆಮೇಲೆ ಹೆದರಿದೆ. ಅಂಚೆ ಚೀಟಿ ನನ್ನ ಹವ್ಯಾಸ ಎನ್ನುವಷ್ಟು ಅನುಭವ ನನಗಿಲ್ಲ. ನನ್ನ ಕೆಲಸ ಇಲ್ಲೇ ಹೈದರಾಬಾದಿನಲ್ಲಿ, ಸಾಫ್ಟ್‌ವೇರ್ ಕಂಪನಿಯಲ್ಲಿ. ಎರಡು ವರ್ಷದ ಹಿಂದಿನವರೆಗೆ ಅಂಚೆ ಚೀಟಿಗೂ ನನಗೂ ಇದ್ದ ಸಂಬಂಧ ಶಾಲೆಯಲ್ಲಿ ತಮ್ಮನ ಆಲ್ಬಮ್ಮಿಗೆ ಅಂಟು ಹಚ್ಚಿ ಕೊಡುತ್ತಿದ್ದಷ್ಟೇ. ಅಂಟು ಹಚ್ಚಿದರೆ ಚೀಟಿ ಹಾಳಾಗುತ್ತದೆ ಎಂಬುದೂ ಆಗ ಗೊತ್ತಿರಲಿಲ್ಲ! ಆದ್ದರಿಂದ ಇಂದು ಒಂದೇ ಒಂದು ಚೀಟಿಯ ಕಥೆ ಹೇಳುತ್ತೇನೆ.

ನಮ್ಮದು ಕಲಬುರಗಿ ಕಡೆ. ನಮ್ಮ ಮುತ್ಯಾ ನಿಜಾಮರ ಕಾಲದಲ್ಲಿ ಕಚೇರಿಯಲ್ಲಿ ಗುಮಾಸ್ತರಾಗಿದ್ದರು. ಉರ್ದು, ಕನ್ನಡ, ಮರಾಠಿ ಮೂರನ್ನೂ ಬರೆಯುತ್ತಿದ್ದರು. ಆಗ ಹೈದರಾಬಾದ್ ಸಂಸ್ಥಾನಕ್ಕೆ ತನ್ನದೇ ಅಂಚೆ, ತನ್ನದೇ ಚೀಟಿ ಇತ್ತು. ಕಲಬುರಗಿ, ರಾಯಚೂರು, ಬೀದರ ಜನ ಸಂಸ್ಥಾನದೊಳಗೆ ಕಾಗದ ಹಾಕಲು ಆ ಚೀಟಿಯನ್ನೇ ಅಂಟಿಸುತ್ತಿದ್ದರು. ಆ ಅಂಚೆ ಭಾರತದ ಅಂಚೆಯಲ್ಲಿ ಸೇರಿದ್ದು 1950ರ ಏಪ್ರಿಲ್‌ನಲ್ಲಿ. ಮುತ್ಯಾ ಕಚೇರಿಯ ಹಳೆ ಲಕೋಟೆಗಳಿಂದ ಚೀಟಿ ಬಿಡಿಸಿ ಇಡುತ್ತಿದ್ದರು. ಕೈಯಲ್ಲಿ ನಾಲ್ಕು ಕಾಸು ಇದ್ದಾಗ ಹೈದರಾಬಾದಿಗೆ ಬಂದು ಕೊಂಡದ್ದೂ ಉಂಟಂತೆ.

ಮುತ್ಯಾ ಹೋದ ಮೇಲೆ ಆಸ್ತಿ ಪಾಲಾಯಿತು. ಹೊಲ, ಮನೆ ಗಂಡುಮಕ್ಕಳಿಗೆ ಹೋಯಿತು. ನನ್ನ ಸೋದರತ್ತೆಗೆ ಬಂದದ್ದು ಎರಡು ತಾಮ್ರದ ಕೊಡ ಮತ್ತು ಈ ಆಲ್ಬಮ್. ಆಗ ಆಲ್ಬಮ್ಮನ್ನು ಯಾರೂ ಕೇಳಲೂ ಇಲ್ಲ. ಆದರೆ ಅತ್ತೆಗೆ ಒಂದು ಗುಟ್ಟು ಗೊತ್ತಿತ್ತು. ಮೂರನೆಯ ಪುಟದಲ್ಲಿ ಒಂದು ಮಾಸಲು ನೀಲಿ ಬಣ್ಣದ ಅರ್ಧ ಆಣೆ ಚೀಟಿ. ಅದರ ಕೆಳಗೆ ಮುತ್ಯಾನ ದುಂಡನೆಯ ಅಕ್ಷರದಲ್ಲಿ 'ಪ್ರೂಫ್' ಎಂದು ಬರೆದಿತ್ತು. "ಇದೊಂದು ಚೀಟಿ ಒಂದು ಹೊಲದ ಸಮ ಅದ ಅಂತ ನಮ್ಮಪ್ಪ ಹೇಳ್ತಿದ್ದ" ಎಂದು ಅತ್ತೆ ನನಗೆ ಎಷ್ಟೋ ಸಲ ಹೇಳಿದ್ದಾರೆ. ಮಾವನವರ ಆಪರೇಷನ್ನಿಗೆ ಬಳೆ ಮಾರಿದರೂ ಅದನ್ನು ಮಾರಿರಲಿಲ್ಲ. ಎರಡು ವರ್ಷದ ಹಿಂದೆ ಮೊಮ್ಮಗಳಿಗೆ ಎಂಜಿನಿಯರಿಂಗ್ ಸೀಟು ಸಿಕ್ಕಿತು. ಆಗ ಅತ್ತೆ ಆಲ್ಬಮ್ಮನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ನಮ್ಮ ಮನೆಗೆ ಬಂದರು. "ನೀ ಎಂಟೆಕ್ ಓದೀದಿ. ಇದನ್ನ ಮಾರಿಕೊಡು."

ಫೋಟೊ ತೆಗೆದು ಒಬ್ಬ ವ್ಯಾಪಾರಿಗೆ ಕಳಿಸಿದೆ. ಹೆಸರು ಬೇಡ. ಅವರು ಹೇಳಿದ ಬೆಲೆ ಹುಡುಗಿಯ ಒಂದು ವರ್ಷದ ಹಾಸ್ಟೆಲ್ ಖರ್ಚಿಗೆ ಸಾಕಾಗುತ್ತಿತ್ತು. ಒಂದೇ ಷರತ್ತು: "ಇದು ಮೂಲ ಪ್ರೂಫ್ ಎಂದು ನೀವು ಸಹಿ ಹಾಕಿ ಬರೆದುಕೊಡಬೇಕು." ನಾಳೆ ಏನಾದರೂ ತಕರಾರು ಬಂದರೆ ಅದು ನಮ್ಮ ತಲೆಗೆ ಎಂದು ಅರ್ಥ. ಸಹಿ ಹಾಕುವ ಮೊದಲು ಪ್ರೂಫ್ ಅಂದರೇನು ಎಂದಾದರೂ ತಿಳಿಯಬೇಕಲ್ಲ? ಅಲ್ಲಿಂದ ಶುರುವಾಯಿತು ನನ್ನ ಹುಚ್ಚು.

ಪ್ರೂಫ್ ಎಂದರೆ ಕರಡಚ್ಚು. ಚೀಟಿ ಮಾರಾಟಕ್ಕೆ ಬರುವ ಮೊದಲು ಕೆತ್ತನೆ ಸರಿ ಇದೆಯೇ, ಯಾವ ಬಣ್ಣ ಒಪ್ಪುತ್ತದೆ ಎಂದು ನೋಡಲು ತೆಗೆಯುವ ಪ್ರತಿ. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಟೆಸ್ಟ್ ಬಿಲ್ಡ್. ಸಾಮಾನ್ಯವಾಗಿ ತೆಳು ಕಾಗದದ ಮೇಲೋ ದಪ್ಪ ಕಾರ್ಡಿನ ಮೇಲೋ ತೆಗೆಯುತ್ತಾರೆ. ಹಿಂದೆ ಗೋಂದು ಇರುವುದಿಲ್ಲ, ಅಂಚಿಗೆ ತೂತು ಹೊಡೆಯುವುದು ಅಪರೂಪ. ಹೊಸ ಅಚ್ಚಿನಿಂದ ಬಂದದ್ದಾದ್ದರಿಂದ ಗೆರೆಗಳು ಚೂಪಾಗಿರುತ್ತವೆ. 1840ರಲ್ಲಿ ಇಂಗ್ಲೆಂಡಿನಲ್ಲಿ ಪೆನ್ನಿ ಬ್ಲ್ಯಾಕ್ ಬಂದಾಗ, ಅದರ ಮೇಲೆ ಹೊಡೆದ ಕೆಂಪು ಮುದ್ರೆಯನ್ನು ಜನ ಒರೆಸಿ ಚೀಟಿಯನ್ನು ಮತ್ತೆ ಬಳಸುತ್ತಾರೆಂಬ ಭಯವಿತ್ತು. ಯಾವ ಶಾಯಿ, ಯಾವ ಬಣ್ಣ ಎಂದು ಪರೀಕ್ಷಿಸಲು ಅದೇ ವರ್ಷ ಬಗೆಬಗೆಯ ಬಣ್ಣಗಳಲ್ಲಿ ಪ್ರತಿ ತೆಗೆದರು. ಅವಕ್ಕೆ ರೇನ್‌ಬೋ ಟ್ರಯಲ್ಸ್ ಎಂದು ಹೆಸರು. ಅವುಗಳ ಮೇಲಿನ ಬಲ ಮೂಲೆಯನ್ನು ಖಾಲಿ ಬಿಟ್ಟಿರುತ್ತಾರೆ. ಇವು ನಿಜವಾದ ಪರೀಕ್ಷಾ ಮುದ್ರಣಗಳು. 1841ರಿಂದ ಪೆನ್ನಿ ಚೀಟಿ ಕೆಂಪಾಯಿತು.

ಮರುಮುದ್ರಣದ ಕಥೆ ಬೇರೆ. ಚೀಟಿಯ ಆಯುಷ್ಯ ಮುಗಿದು ವರ್ಷಗಳಾದ ಮೇಲೆ, ಹಳೆಯ ಅಚ್ಚನ್ನೇ ಹೊರತೆಗೆದು ಮತ್ತೆ ಹೊಡೆದದ್ದು. ಇದು ಕಳ್ಳಮಾಲಲ್ಲ, ಎಷ್ಟೋ ಸಲ ಸರ್ಕಾರವೇ ಮಾಡಿಸಿದ್ದು. ಸಂಗ್ರಾಹಕರು ಹುಟ್ಟಿಕೊಂಡಿದ್ದರು, ಕೇಳಿದವರಿಗೆ ಕೊಡಬೇಕಿತ್ತು. 1864ರಲ್ಲಿ ಇಂಗ್ಲೆಂಡಿನ ರಾಜಮನೆತನದ ಎಳೆಯರ ಸಂಗ್ರಹಕ್ಕೆಂದು ಪೆನ್ನಿ ಬ್ಲ್ಯಾಕನ್ನೇ ಮತ್ತೆ ಕಪ್ಪಿನಲ್ಲಿ ಅಚ್ಚು ಹಾಕಿಸಿದರು. ರಾಜರ ಮಕ್ಕಳಾದರೂ ಮಕ್ಕಳೇ, "ನನಗೂ ಬೇಕು" ಎಂದು ಹಟ ಮಾಡಿರಬೇಕು. ಆದರೆ ಹಾಕಿದ ಪ್ಲೇಟು 66ನೆಯದು. ಪೆನ್ನಿ ಬ್ಲ್ಯಾಕಿಗೆ ಬಳಸಿದ್ದು 1ರಿಂದ 11ರವರೆಗಿನ ಪ್ಲೇಟುಗಳು ಮಾತ್ರ. ಕಾಗದವನ್ನು ಬೆಳಕಿಗೆ ಹಿಡಿದರೆ ಮೂಲದಲ್ಲಿ ಕಾಣುವುದು ಸಣ್ಣ ಕಿರೀಟದ ವಾಟರ್‌ಮಾರ್ಕ್, ಇದರಲ್ಲಿ ದೊಡ್ಡ ಕಿರೀಟ, ಅದೂ ತಲೆಕೆಳಗಾಗಿ.

ಅಮೆರಿಕದವರದ್ದು ಇನ್ನೂ ಸ್ವಾರಸ್ಯ. 1876ರ ಫಿಲಡೆಲ್ಫಿಯಾ ಮೇಳಕ್ಕೆ ತಮ್ಮ ಹಳೆಯ ಚೀಟಿಗಳನ್ನೆಲ್ಲ ಇಡಬೇಕು ಎಂದು ಹೊರಟರು. 1847ರ ಮೊದಲ ಚೀಟಿಗಳ ಅಚ್ಚು ಉಳಿದಿರಲಿಲ್ಲ, ಹೊಸದಾಗಿ ಕೆತ್ತಿಸಿದರು. ಎಷ್ಟೇ ನಿಪುಣ ಕೈಯಾದರೂ ಎರಡನೇ ಸಲ ಅದೇ ರೇಖೆ ಬರುತ್ತದೆಯೇ? ಫ್ರಾಂಕ್ಲಿನ್ ಇರುವ 5 ಸೆಂಟಿನ ಚೀಟಿ ತೆಗೆದುಕೊಳ್ಳಿ. ಅವರ ಅಂಗಿಯ ಬಿಳಿ ನೆರಿಗೆಯ ಎಡ ಬದಿ, ಮೂಲದಲ್ಲಿ ಕೆಳಗೆ ಬರೆದ 'ಫೈವ್' ಪದದ ಮೊದಲಕ್ಷರದ ತಲೆಯ ಮಟ್ಟದಲ್ಲಿ ದುಂಡು ಚೌಕಟ್ಟನ್ನು ಮುಟ್ಟುತ್ತದೆ. ಹೊಸದರಲ್ಲಿ ಅದು 5 ಎಂಬ ಅಂಕಿಯ ತಲೆಯ ಮಟ್ಟದಲ್ಲಿ ಮುಟ್ಟುತ್ತದೆ. ಭೂತಗನ್ನಡಿ ಹಿಡಿದರೆ ಮುಗಿಯಿತು.

ಇದನ್ನೆಲ್ಲ ಓದಿ ನನಗೆ ಧೈರ್ಯ ಬಂತು. ನಮ್ಮದೂ ಹೀಗೆಯೇ ತೀರುತ್ತದೆ ಎಂದುಕೊಂಡೆ. ಆಲ್ಬಮ್ಮಿನ ಕೊನೆಯ ಪುಟದಲ್ಲಿ ಅದೇ ಅರ್ಧ ಆಣೆಯ ಇನ್ನೊಂದು ಚೀಟಿ ಇತ್ತು. ಕಂದು ಬಣ್ಣದ್ದು, ಮೇಲೆ ಅಂಚೆಯ ಮಸಿ ಮುದ್ರೆ ಬಡಿದು ಅರ್ಧ ಮುಖ ಮುಚ್ಚಿಹೋಗಿತ್ತು. ಎರಡನ್ನೂ ಸ್ಕ್ಯಾನ್ ಮಾಡಿದೆ, ಲ್ಯಾಪ್‌ಟಾಪಿನಲ್ಲಿ ಒಂದರ ಮೇಲೊಂದು ಕೂರಿಸಿದೆ. ಕೂರಲಿಲ್ಲ! ಪರ್ಸಿಯನ್ ಅಕ್ಷರಗಳ ಬಾಗು ಬೇರೆ, ಅಂಚಿನ ಗೆರೆ ಬೇರೆ. ರಾತ್ರಿ ಹನ್ನೊಂದಕ್ಕೆ ಗಂಡನನ್ನು ಎಬ್ಬಿಸಿ "ನೀಲಿಯದ್ದು ಸುಳ್ಳು" ಎಂದೆ. ಅವರು "ಸರಿ, ಲೈಟ್ ಆರಿಸು" ಎಂದರು.

ಮರುದಿನ ಕ್ಯಾಟಲಾಗ್ ನೋಡಿದೆ, ನನ್ನ ಮುಖ ಸಣ್ಣದಾಯಿತು. ಹೈದರಾಬಾದಿನ ಮೊದಲ ಚೀಟಿ 1869ರ ಒಂದು ಆಣೆಯದು. ಅದರ ಅಚ್ಚು ಲಂಡನ್ನಿನಲ್ಲಿ ತಯಾರಾದದ್ದು. ಮುಂದಿನ ವರ್ಷ, 1870ರಲ್ಲಿ, ಅರ್ಧ ಆಣೆ ಮತ್ತು ಎರಡು ಆಣೆಯ ಚೀಟಿಗಳು ಬಂದವು. ಸಂಗ್ರಾಹಕರು ಇವನ್ನು 'ಸ್ಕೆಲಿಟನ್' ಎಂದು ಕರೆಯುತ್ತಾರೆ. ಇವುಗಳ ಪ್ಲೇಟನ್ನು ಇಲ್ಲೇ, ಸ್ಥಳೀಯವಾಗಿ ಕೆತ್ತಿದರು. ಒಂದು ಪ್ಲೇಟಿನಲ್ಲಿ 240 ಚೀಟಿ, 240ನ್ನೂ ಒಂದೊಂದಾಗಿ ಕೈಯಿಂದ. ನಮ್ಮ ಮನೆಯಲ್ಲಿ ಹೋಳಿಗೆ ತಟ್ಟಿದ ಹಾಗೆ, ಒಂದರ ಹಾಗೆ ಒಂದಿಲ್ಲ. ಅಂದ ಮೇಲೆ ಎರಡು ಚೀಟಿ ಹೊಂದಲಿಲ್ಲ ಎಂದರೆ ಅದರಿಂದ ಏನೂ ತಿಳಿಯುವುದಿಲ್ಲ. ಇನ್ನೊಂದು ಕಡೆ, ಮರುಮುದ್ರಣವಾದದ್ದು ಅದೇ ಪ್ಲೇಟಿನಿಂದ. ಸಾಲು ಸಾಲು ಹೊಂದಿದರೂ ಮೂಲವೆಂದು ಹೇಳುವಂತಿಲ್ಲ. ಸೋರ್ಸ್ ಕೋಡ್ ಒಂದೇ, ಬಿಲ್ಡ್ ಮಾಡಿದ ದಿನ ಬೇರೆ. ನಾನು ನೋಡುತ್ತಿದ್ದ ಜಾಗವೇ ತಪ್ಪಾಗಿತ್ತು.

ಮಧ್ಯೆ ಒಂದು ಯುವಿ ಟಾರ್ಚ್ ಕೂಡ ತರಿಸಿದೆ. ಹೊಸ ಕಾಗದಕ್ಕೆ ಬೆಳ್ಳಗೆ ಕಾಣಲು ರಾಸಾಯನಿಕ ಬೆರೆಸುತ್ತಾರೆ, ಅದು ಆ ಬೆಳಕಿಗೆ ಹೊಳೆಯುತ್ತದೆ. ನೀಲಿ ಚೀಟಿ ಹೊಳೆಯಲಿಲ್ಲ. ಅತ್ತೆ ಕೈ ಮುಗಿದರು. ಆದರೆ ಅದರಿಂದ ಖಚಿತವಾದದ್ದು ಇಷ್ಟೇ: ಈ ಚೀಟಿ ಮೊನ್ನೆ ಮೊನ್ನೆ ಯಾರೋ ಪ್ರಿಂಟರಿನಲ್ಲಿ ತೆಗೆದದ್ದಲ್ಲ. ಹಳೆಯದು ಎಂಬುದು ಸರಿ, ಎಷ್ಟು ಹಳೆಯದು?

ಕೊನೆಗೆ ಉತ್ತರ ಕೊಟ್ಟದ್ದು ಎಲ್ಲಕ್ಕಿಂತ ಅಗ್ಗದ ಉಪಕರಣ. ಪರ್ಫೊರೇಶನ್ ಗೇಜ್ ಎಂದು ಒಂದು ಪಟ್ಟಿ, ಸ್ಕೇಲಿನ ಹಾಗೆ. ಚೀಟಿಯ ಅಂಚಿನಲ್ಲಿ ಎರಡು ಸೆಂಟಿಮೀಟರಿಗೆ ಎಷ್ಟು ತೂತು ಬರುತ್ತದೆ ಎಂದು ಅದು ಹೇಳುತ್ತದೆ. ಕ್ಯಾಟಲಾಗಿನ ಪ್ರಕಾರ 1870ರ ಮೂಲ ಚೀಟಿಗೆ ಹನ್ನೊಂದೂವರೆ. 1880ರಲ್ಲಿ ಬಿಳಿ ಕಾಗದದ ಮೇಲೆ ಮರುಮುದ್ರಣ ಮಾಡಿದಾಗ ಹನ್ನೆರಡೂವರೆ. ಆ ಮರುಮುದ್ರಣಕ್ಕೆ ಮೂಲದ ಕಂದು ಸಾಲದೆ ಅಲಂಕಾರಕ್ಕೆಂದು ಬೇರೆ ಬಣ್ಣಗಳನ್ನೂ ಬಳಸಿದ್ದರು. ಅರ್ಧ ಆಣೆಯದನ್ನು ಬೂದುಗಂದು, ಹಳದಿಗಂದು, ಸಮುದ್ರದ ಹಸಿರು, ಕಡುಗೆಂಪು, ಮತ್ತೆ... ಮಾಸಲು ನೀಲಿ. ಆ ಸಾಲನ್ನು ಓದಿದಾಗಲೇ ನನ್ನ ಹೊಟ್ಟೆ ಕಳಕ್ ಎಂದಿತು. ಮೂಲದಲ್ಲಿ ಇಲ್ಲದ ಬಣ್ಣ ಕಂಡರೆ ಯಾರಿಗಾದರೂ ಬಣ್ಣ ಪರೀಕ್ಷಿಸಿದ ಪ್ರೂಫ್ ಎಂದೇ ಅನಿಸುತ್ತದೆ. ಮುತ್ಯಾನಿಗೂ ಹಾಗೇ ಅನಿಸಿರಬೇಕು, ಅಥವಾ ಮಾರಿದವರು ಹಾಗೆ ಹೇಳಿರಬೇಕು.

ಚಿಮಟದಿಂದ ಚೀಟಿ ಎತ್ತಿ ಗೇಜಿನ ಮೇಲಿಟ್ಟೆ. ಹನ್ನೊಂದೂವರೆಯ ಸಾಲಿನಲ್ಲಿ ಹಲ್ಲು ಕೂರಲಿಲ್ಲ. ಹನ್ನೆರಡೂವರೆಯಲ್ಲಿ ಬೀಗದಲ್ಲಿ ಕೀಲಿಕೈ ಕೂತ ಹಾಗೆ ಕೂತಿತು. ಮೂರು ಸಲ ನೋಡಿದೆ, ನಾಲ್ಕೂ ಬದಿ ನೋಡಿದೆ. ಎರಡು ಸೆಂಟಿಮೀಟರಿಗೆ ಒಂದು ತೂತಿನ ವ್ಯತ್ಯಾಸ, ಅಷ್ಟೇ.

ಗೆಳತಿಯರೇ, ಇಲ್ಲಿ ನಾನು ಪ್ರಾಮಾಣಿಕವಾಗಿ ಹೇಳಬೇಕು. ಆ ರಾತ್ರಿ ನಾನು ಅತ್ತೆಗೆ ಹೇಳಲಿಲ್ಲ. ವ್ಯಾಪಾರಿ ಗೇಜು ಇಟ್ಟು ನೋಡಿಲ್ಲ, ಫೋಟೊ ಮಾತ್ರ ನೋಡಿದ್ದಾರೆ. ಅಥವಾ ಗೊತ್ತಿದ್ದೇ ನನ್ನ ಸಹಿ ಕೇಳುತ್ತಿದ್ದಾರೆ. ಬರೆದದ್ದು ಮುತ್ಯಾ, ನಾನಲ್ಲ. ಹುಡುಗಿಯ ಹಾಸ್ಟೆಲ್ ಫೀಸು ಕಟ್ಟುವ ಕೊನೆ ದಿನ ಹತ್ತಿರದಲ್ಲಿದೆ. ಅಂಚಿನ ಹಲ್ಲು ಕತ್ತರಿಸಿ ತೂತಿಲ್ಲದ ಪ್ರೂಫ್ ಎಂದು ಮಾರುವವರೂ ಇದ್ದಾರೆ ಎಂದು ಓದಿದ್ದೆ. ಅದಕ್ಕೇ ತೂತಿಲ್ಲದ ಚೀಟಿ ಕೊಳ್ಳುವಾಗ ಸುತ್ತ ಅಗಲವಾದ ಅಂಚು ಇದೆಯೇ ಎಂದು ಮೊದಲು ನೋಡಬೇಕು. ನಾನು ಕತ್ತರಿ ಹಿಡಿಯಲಿಲ್ಲ, ಆದರೆ ಸುಮ್ಮನಿದ್ದು ಸಹಿ ಹಾಕಿದರೆ ಏನು ಎಂದು ಯೋಚಿಸಿದ್ದು ನಿಜ.

ಬೆಳಿಗ್ಗೆ ಚಹಾ ಕುಡಿಯುವಾಗ ಹೇಳಿದೆ. ಅತ್ತೆ ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ "ಹಂಗಾದ್ರ ನಮ್ಮಪ್ಪ ನನಗ ಸುಳ್ಳು ಹೇಳಿದ್ನೇನು?" ಎಂದು ಕೇಳಿದರು. ಅವರಿಗೆ ದುಡ್ಡಿಗಿಂತ ಅದೇ ದೊಡ್ಡದಾಗಿತ್ತು. ನಾನು ಚೀಟಿ ತೋರಿಸಿದೆ. ಇದು ಖೋಟಾ ಅಲ್ಲ ಅತ್ತಿ, ಅದೇ ಪ್ಲೇಟಿನಿಂದ ಬಂದದ್ದು, ಹತ್ತು ವರ್ಷ ತಡವಾಗಿ ಬಂದದ್ದು. ಮುತ್ಯಾನ ಹತ್ತಿರ ಈ ಪಟ್ಟಿ ಇರಲಿಲ್ಲ, ತೂತು ಎಣಿಸಬೇಕು ಎಂದು ಅವರಿಗೆ ಯಾರೂ ಹೇಳಿರಲಿಕ್ಕಿಲ್ಲ ಎಂದೆ. ಅತ್ತೆ ಪಟ್ಟಿ ಕೈಗೆ ತೆಗೆದುಕೊಂಡರು. ಕನ್ನಡಕ ಏರಿಸಿ ತಾವೇ ಎಣಿಸಿದರು. ಆಮೇಲೆ ಪುಟ ತಿರುಗಿಸಿ ಕೊನೆಯ ಪುಟಕ್ಕೆ ಹೋದರು. "ಈ ಮಸಿ ಮೆತ್ತಿದ್ದು ಎಷ್ಟದ ನೋಡು."

ಅದನ್ನು ನಾನು ಅಳೆದೇ ಇರಲಿಲ್ಲ! ಸ್ಕ್ಯಾನ್ ಮಾಡಿದ್ದೆ, ಅಳೆದಿರಲಿಲ್ಲ. ಹನ್ನೊಂದೂವರೆ. ಕಂದು ಬಣ್ಣ, ನಿಜವಾಗಿ ಅಂಚೆಯಲ್ಲಿ ಓಡಾಡಿದ ಗುರುತು. ನೀಲಿಯದು ಚಂದವೆಂದು ಮುಂದಿನ ಪುಟದಲ್ಲಿ, ಮೂಲ ಚೀಟಿ ಗಲೀಜೆಂದು ಹಿಂದಿನ ಪುಟದಲ್ಲಿ ಕೂತಿತ್ತು. ಅದಕ್ಕೂ ಹೊಲದ ಬೆಲೆಯೇನಿಲ್ಲ, ಮೊದಲೇ ಹೇಳಿಬಿಡುತ್ತೇನೆ. ಹುಡುಗಿಯ ಹಾಸ್ಟೆಲ್ ಫೀಸಿಗೆ ನಾನೂ ನನ್ನ ತಮ್ಮನೂ ಸೇರಿದೆವು. ಹೊಲ ತೆಗೆದುಕೊಂಡಿದ್ದ ದೊಡ್ಡಪ್ಪನ ಮಗನಿಗೂ ಫೋನ್ ಮಾಡಿದೆ. ಅವನೂ ಕೊಟ್ಟ, ಸ್ವಲ್ಪ ಗೊಣಗಿಕೊಂಡೇ.

ಮುತ್ಯಾ ಬರೆದದ್ದನ್ನು ಅಳಿಸಲು ಅತ್ತೆ ಬಿಡಲಿಲ್ಲ. ಅದರ ಕೆಳಗೆ ಪೆನ್ಸಿಲ್ಲಿನಲ್ಲಿ ತಮ್ಮ ಕೈಯಿಂದಲೇ 'ಮರುಮುದ್ರಣ, 1880, ಹನ್ನೆರಡೂವರೆ' ಎಂದು ಬರೆದರು.

ಅವರ ಅನುಮತಿ ಪಡೆದು ಆಲ್ಬಮ್ಮನ್ನು ಇಂದು ಇಲ್ಲಿಗೆ ತಂದಿದ್ದೇನೆ. ಆ ಮೇಜಿನ ಮೇಲಿದೆ, ಪಕ್ಕದಲ್ಲಿ ಗೇಜು, ಭೂತಗನ್ನಡಿ, ಚಿಮಟ. ತಿಂಡಿಯ ಎಣ್ಣೆ ಕೈಯಲ್ಲಿ ಮುಟ್ಟಬೇಡಿ, ದಯವಿಟ್ಟು. ನಿಮ್ಮ ಮನೆಯಲ್ಲಿ ಅಜ್ಜನ ಹಳೆ ಟ್ರಂಕಿನಲ್ಲಿ ಇಂಥ ಚೀಟಿ ಇದ್ದರೆ ನೀರಿನಲ್ಲಿ ನೆನೆಸದೆ, ಲಕೋಟೆ ಸಮೇತ ಇದ್ದರೆ ಬಿಡಿಸದೆ, ಹಾಗೇ ತನ್ನಿ. ಕೂತು ಒಟ್ಟಿಗೆ ಎಣಿಸೋಣ.