ಉತ್ತರಕ್ಕೆ ಸರಿಯುತ್ತಿರುವ ಕಾಡಿನ ಅಂಚು



ರಷ್ಯಾದ ಉತ್ತರದಲ್ಲಿ, ತೈಮಿರ್ ಪರ್ಯಾಯ ದ್ವೀಪದಲ್ಲಿ, ಆರಿ-ಮಾಸ್ ಎಂಬ ಪುಟ್ಟ ಕಾಡೊಂದಿದೆ. ಅಲ್ಲಿನ ದೊಲ್ಗಾನ್ ಜನರ ಭಾಷೆಯಲ್ಲಿ ಅದಕ್ಕೆ ಮರಗಳ ದ್ವೀಪವೆಂದು ಅರ್ಥ. ಸುಮಾರು 72 ಡಿಗ್ರಿ ಉತ್ತರ ಅಕ್ಷಾಂಶವನ್ನು ದಾಟಿ ನಿಂತಿರುವ ಆ ಲಾರ್ಚ್ ಮರಗಳ ಸುತ್ತಲೂ ಪಾಚಿ, ಕಲ್ಲುಹೂವು, ಕುರುಚಲುಗಳ ಟಂಡ್ರಾ ಬಯಲು.

ಕಾಡು ಅಲ್ಲಿಗೇ ನಿಲ್ಲುವುದೇಕೆ? ಚಳಿಗಾಲದ ಕ್ರೌರ್ಯವೊಂದೇ ಕಾರಣವಲ್ಲ. ಸೈಬೀರಿಯಾದ ಲಾರ್ಚ್ ಮೈನಸ್ 60 ಡಿಗ್ರಿಯ ಚಳಿಯನ್ನೂ ತಾಳಬಲ್ಲದು. ಅದನ್ನು ತಡೆಯುವುದು ಬೇಸಿಗೆಯ ಜಿಪುಣತನ. ಜುಲೈ ತಿಂಗಳ ಸರಾಸರಿ ಉಷ್ಣತೆ 10 ಡಿಗ್ರಿ ಸೆಲ್ಸಿಯಸ್ ಇರುವ ರೇಖೆಯೇ ಸ್ಥೂಲವಾಗಿ ಕಾಡಿನ ಉತ್ತರದ ಎಲ್ಲೆ. ಅದರಾಚೆ ಕಾಂಡ ಬಲಿಯಲು, ಬೀಜ ಮಾಗಲು ಕಾಲ ಸಾಲದು.

ಈ ರೇಖೆ ಈಗ ಸ್ಥಿರವಾಗಿಲ್ಲ. 1979ರಿಂದೀಚೆಗೆ ಆರ್ಕ್ಟಿಕ್ ಪ್ರದೇಶವು ಭೂಮಿಯ ಸರಾಸರಿಗಿಂತ ಹೆಚ್ಚುಕಡಿಮೆ ನಾಲ್ಕು ಪಟ್ಟು ವೇಗದಲ್ಲಿ ಬಿಸಿಯೇರಿದೆ. ಪರ್ವತ ಹಾಗೂ ಧ್ರುವದಂಚಿನ 166 ತಾಣಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ 2009ರಲ್ಲಿ ಪರಿಶೀಲಿಸಿದಾಗ, ಶೇಕಡ 52ರಲ್ಲಿ ಮರಗಳ ಎಲ್ಲೆ ಮುಂದೊತ್ತಿತ್ತು. ಹಿಂದೆ ಸರಿದದ್ದು ಶೇಕಡ 1ರಲ್ಲಿ ಮಾತ್ರ. ಉಳಿದವು ಕದಲಿರಲಿಲ್ಲ. ಬೀಜ ಹಾರಿಬರಬೇಕು, ಮೊಳೆತ ಸಸಿ ಬದುಕಬೇಕು. ಉಷ್ಣತೆಯ ಹಿಂದೆಯೇ ಕಾಡು ಓಡಲಾರದು. ಆದರೂ ಅಲಾಸ್ಕದ ಬ್ರೂಕ್ಸ್ ಪರ್ವತಶ್ರೇಣಿಯಲ್ಲಿ ಬಿಳಿ ಸ್ಪ್ರೂಸ್ ಮರಗಳು ದಶಕಕ್ಕೆ 4 ಕಿಲೋಮೀಟರಿಗೂ ಮಿಕ್ಕಿ ಉತ್ತರಕ್ಕೆ ಹರಡುತ್ತಿರುವುದು 2022ರಲ್ಲಿ ವರದಿಯಾಯಿತು.

ಮರ ಹೆಚ್ಚಿದರೆ ಒಳಿತಲ್ಲವೇ? ಸಸಿ ನೆಟ್ಟು ಬೆಳೆಸಿದವರಿಗೆ ಈ ಪ್ರಶ್ನೆ ಸಹಜ. ಆದರೆ ಟಂಡ್ರಾ ಬರಿದಾದ ನೆಲವಲ್ಲ; ಮಲೆನಾಡಿನ ಶೋಲೆಯ ಮಗ್ಗುಲಿನ ಹುಲ್ಲುಗಾವಲನ್ನು ಪಾಳುಭೂಮಿಯೆಂದು ಕರೆದಷ್ಟೇ ತಪ್ಪು ಅದು. ಹಿಮ ಹೊದ್ದ ಬಯಲು ಬಿಸಿಲನ್ನು ಮರಳಿ ಆಕಾಶಕ್ಕೆ ಪ್ರತಿಫಲಿಸುತ್ತದೆ. ಹಿಮದ ಮೇಲೆ ತಲೆಯೆತ್ತಿದ ಕಪ್ಪು ಸ್ಪ್ರೂಸ್ ಮರಗಳು ಅದೇ ಬಿಸಿಲನ್ನು ಹೀರುತ್ತವೆ. ಕುರುಚಲುಗಳಲ್ಲಿ ಸಿಕ್ಕಿಕೊಂಡ ಹಿಮವು ಚಳಿಗಾಲದಲ್ಲಿ ನೆಲಕ್ಕೆ ಕಂಬಳಿಯಾಗಿ, ಅಡಿಯಲ್ಲಿನ ಶಾಶ್ವತ ಹೆಪ್ಪುನೆಲ ತಣಿಯದಂತೆ ಮಾಡುತ್ತದೆ. ಹೆಪ್ಪು ಕರಗಿದರೆ ಸಾವಿರಾರು ವರ್ಷಗಳಿಂದ ಹುದುಗಿರುವ ಇಂಗಾಲವು ಹೊರಬೀಳುತ್ತದೆ. ಮರಗಳು ಹಿಡಿದಿಡುವ ಇಂಗಾಲದ ಲಾಭವನ್ನು ಈ ನಷ್ಟದೊಡನೆ ತೂಗದೆ ಲೆಕ್ಕ ಮುಗಿಯದು.

ಇತ್ತ ಅದೇ ಕಾಡಿನ ದಕ್ಷಿಣದಂಚಿನ ಹಲವೆಡೆ ಬರ, ತೊಗಟೆ ಕೊರೆಯುವ ದುಂಬಿ, ಕಾಳ್ಗಿಚ್ಚುಗಳು ಮರಗಳನ್ನು ಕೊಲ್ಲುತ್ತಿವೆ. ಒಂದು ತುದಿಯಲ್ಲಿ ಸಸಿ, ಇನ್ನೊಂದರಲ್ಲಿ ಬೂದಿ.

ನಾರ್ವೆಯ ಫಿನ್‌ಮಾರ್ಕ್‌ನಲ್ಲಿ ಬರ್ಚ್ ಮರಗಳು ಬಯಲಿನತ್ತ ಏರುತ್ತಿವೆ. ಅಲ್ಲಿನ ಸಾಮಿ ಜನರ ಹಿಮಸಾರಂಗಗಳಿಗೆ ಚಳಿಗಾಲದ ಮುಖ್ಯ ಆಹಾರ ಕಲ್ಲುಹೂವು. ನೆರಳು ದಟ್ಟವಾದಲ್ಲಿ ಅದು ಬಾಳದು. ಬೇಸಿಗೆಯಲ್ಲಿ ಅದೇ ಹಿಮಸಾರಂಗಗಳು ಬರ್ಚ್‌ನ ಎಳೆಯೆಲೆ ಮೇಯುವುದರಿಂದ, ಮಂದೆಗಳು ತಿರುಗಾಡುವ ಕಡೆ ಕಾಡಿನ ಮುನ್ನಡೆ ನಿಧಾನವಾಗಿದೆ.