ಕರುವಿಗೊಂದು ಮೊಲೆ, ಮಗುವಿಗೊಂದು ಲೋಟ

(ಸಂಘದ ಬೆಳ್ಳಿಹಬ್ಬದ ಸರ್ವಸದಸ್ಯರ ಸಭೆಯಲ್ಲಿ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ನನಗಿಂತ ಮುಂಚೆ ಮಾತಾಡಿದವರು ಸಂಘ ಹುಟ್ಟಿದ್ದು, ಬೆಳೆದದ್ದು, ಸ್ವಂತ ಕಟ್ಟಡ ಕಟ್ಟಿದ್ದು ಎಲ್ಲವನ್ನೂ ವಿವರವಾಗಿ ಹೇಳಿದ್ದಾರೆ. ನಾನು ಅದನ್ನೇ ಮತ್ತೆ ಹೇಳುವುದಿಲ್ಲ. ನಮ್ಮ ಮಕ್ಕಳ ಬೆಳವಣಿಗೆ ಬಗ್ಗೆ ನಾಲ್ಕು ಮಾತು ಹೇಳುತ್ತೇನೆ. ನಾನು ಎಸ್.ಎಸ್.ಎಲ್.ಸಿ. ಓದಿದ ರೈತ, ಡಾಕ್ಟರಲ್ಲ. ಮನೆಯಲ್ಲಿ ಪೆಟ್ಟು ತಿಂದು ಕಲಿತದ್ದನ್ನು ಹೇಳುತ್ತಿದ್ದೇನೆ.

ನನ್ನ ಎರಡನೇ ಮಗಳಿಗೆ ಎರಡು ವರ್ಷವಾಗಿದ್ದಾಗ ಅಂಗನವಾಡಿ ಟೀಚರಮ್ಮ ತೂಕ ಹಾಕಿ, ಕಾರ್ಡಿನಲ್ಲಿ ಗೆರೆ ಎಳೆದು, "ಅಣ್ಣಾ, ಮಗು ವಯಸ್ಸಿಗೆ ತಕ್ಕಂಗೆ ಬೆಳೀತಿಲ್ಲ. ದಿನಕ್ಕೆ ಎಷ್ಟು ಹಾಲು ಕೊಡ್ತೀರಾ?" ಅಂತ ಕೇಳಿದರು. ನನ್ನ ಹೆಂಡತಿ ನನ್ನ ಮುಖ ನೋಡಿದಳು. ಆಗ ನಾನು ದಿನಕ್ಕೆ ಹತ್ತು ಲೀಟರ್ ಡೇರಿಗೆ ಹಾಕುತ್ತಿದ್ದೆ. ಮನೆಗೆ ಉಳಿಯುತ್ತಿದ್ದದ್ದು ಟೀಗೆ ಬೇಕಾದಷ್ಟು. ಮಗು ಕುಡಿಯುತ್ತಿದ್ದದ್ದೂ ಅದೇ ಟೀ. ಹಾಲು ಕರೆಯುವಾಗ ಕರುವಿಗೆ ಅಂತ ಒಂದು ಮೊಲೆ ಬಿಡುತ್ತಿದ್ದೆ. ಮಗಳಿಗೆ ಒಂದು ಲೋಟ ಬಿಟ್ಟಿರಲಿಲ್ಲ.

ನಮ್ಮ ನಿಡುಗಲ್ ಬೆಟ್ಟದ ಸುತ್ತಿನ ಸೀಮೆ ಕಡ್ಲೆಕಾಯಿ ಸೀಮೆ. ಹೂ ಬಿಟ್ಟು ಕಾಯಿ ಕಟ್ಟುವ ಕಾಲಕ್ಕೆ ಬಾರದ ಮಳೆ, ಗಿಡ ಒಣಗಿದ ಮೇಲೆ ಎಷ್ಟು ಬಂದರೇನು? ಮಕ್ಕಳ ಬೆಳವಣಿಗೆಗೂ ಹಾಗೇ ಹದ ಇದೆ. ಹುಟ್ಟಿದಾಗ ಎರಡೂವರೆ ಮೂರು ಕಿಲೋ ಇರುವ ಕೂಸು ಐದಾರು ತಿಂಗಳಿಗೆ ಅದರ ಎರಡರಷ್ಟು, ವರ್ಷಕ್ಕೆ ಮೂರರಷ್ಟು ತೂಗಬೇಕು. ಹುಟ್ಟಿದಾಗ ಸುಮಾರು 50 ಸೆಂಟಿಮೀಟರ್ ಉದ್ದ ಇದ್ದದ್ದು ವರ್ಷಕ್ಕೆ 75, ನಾಲ್ಕು ವರ್ಷಕ್ಕೆ 100 ಆಗುತ್ತದೆ. ಎರಡು ವರ್ಷ ತುಂಬುವ ಹೊತ್ತಿಗೆ ಮಿದುಳು ದೊಡ್ಡವರ ಮಿದುಳಿನ ಮುಕ್ಕಾಲು ಭಾಗದಷ್ಟು ಬೆಳೆದಿರುತ್ತದೆ. ಈ ಎರಡು ವರ್ಷದಲ್ಲಿ ಕಳಕೊಂಡ ಎತ್ತರವನ್ನು ಆಮೇಲೆ ಪೂರ್ತಿ ತುಂಬುವುದು ಬಹಳ ಕಷ್ಟ. 2019-20ರಲ್ಲಿ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ನಮ್ಮ ರಾಜ್ಯದ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 35 ಮಕ್ಕಳು ವಯಸ್ಸಿಗಿಂತ ಕುಳ್ಳಗಿದ್ದರು. ಆ 35ರಲ್ಲಿ ನನ್ನ ಮನೆಯದ್ದೂ ಒಂದು ಅಂತ ತಿಳಿಯಿರಿ.

ಕರು ಹಾಕಿದ ಒಂದು ಗಂಟೆಯೊಳಗೆ ಗಿಣ್ಣುಹಾಲು ಕುಡಿಸಬೇಕು ಅಂತ ಇಲ್ಲಿ ಯಾರಿಗೂ ಹೇಳಿಕೊಡಬೇಕಿಲ್ಲ. ಆದರೆ ಬಾಣಂತಿಯ ಮೊದಲ ಹಳದಿ ಹಾಲನ್ನು 'ಕೆಟ್ಟಹಾಲು' ಅಂತ ಹಿಂಡಿ ಚೆಲ್ಲಿದವರು ನಾವೇ. ಅದೇ ಮಗುವಿನ ಗಿಣ್ಣು. ಆರು ತಿಂಗಳು ತಾಯಿ ಹಾಲು ಬಿಟ್ಟು ಬೇರೇನೂ ಬೇಡ, ನೀರೂ ಬೇಡ. ಆಮೇಲೆ ತಾಯಿ ಹಾಲಿನ ಜೊತೆಗೆ ರಾಗಿಸರಿ, ಬೇಳೆ, ಸೊಪ್ಪು, ಮೊಟ್ಟೆ. ಒಂದು ವರ್ಷ ತುಂಬಿದ ಮೇಲೆ ನಮ್ಮ ಹಸುವಿನ ಹಾಲು.

ಇನ್ನೊಂದು ಮಾತು, ಯಾರೂ ಬೇಜಾರು ಮಾಡಿಕೊಳ್ಳಬಾರದು. ಬಾಣಂತಿಯನ್ನೂ ಕೂಸನ್ನೂ ಊರಾಚೆ ಗುಡಿಸಲಲ್ಲಿ ಇಡುವ ಪದ್ಧತಿ ನಮ್ಮ ಜಿಲ್ಲೆಯ ಕೆಲವು ಹಟ್ಟಿಗಳಲ್ಲಿ ಪೂರ್ತಿ ಹೋಗಿಲ್ಲ. 2023ರ ಜುಲೈನಲ್ಲಿ ತುಮಕೂರು ತಾಲ್ಲೂಕಿನ ಒಂದು ಹಟ್ಟಿಯಲ್ಲಿ ಹಾಗೆ ಇಟ್ಟಿದ್ದ ಹಸುಗೂಸು ತೀರಿಕೊಂಡಿದ್ದನ್ನು ಪೇಪರಿನಲ್ಲಿ ಓದಿದ್ದೇವೆ. ಹಸುಗೂಸಿಗೆ ತನ್ನ ಮೈ ಶಾಖ ತಾನೇ ಕಾಪಾಡಿಕೊಳ್ಳುವ ಶಕ್ತಿ ಇರುವುದಿಲ್ಲ. ತಾಯಿಯ ಮಗ್ಗುಲು, ಬೆಚ್ಚಗಿನ ಮನೆ ಎರಡೂ ಬೇಕು. ದೇವರು ಇದಕ್ಕೆ ಮುನಿಯುತ್ತಾನೆ ಅಂತ ನನಗೆ ಅನಿಸುವುದಿಲ್ಲ.

ಈಗ ನೀರಿನ ವಿಚಾರ. ಈ ಸಂಚಿಕೆಯಲ್ಲಿ ನಿರ್ದೇಶಕರ ಫೋಟೊ ಇದೆಯಲ್ಲ, ಅದರಲ್ಲಿ ಎಲ್ಲರೂ ನಕ್ಕಿದ್ದಾರೆ, ನಾನೊಬ್ಬ ಬಾಯಿ ಮುಚ್ಚಿಕೊಂಡು ನಿಂತಿದ್ದೇನೆ. ಕಾರಣ ನನ್ನ ಕಂದು ಹಲ್ಲು. ಚಿಕ್ಕಂದಿನಿಂದ ಕೊಳವೆಬಾವಿ ನೀರು ಕುಡಿದು ಬೆಳೆದವನು. ನಮ್ಮ ಪಾವಗಡ ಸೀಮೆ ನೀರಿನಲ್ಲಿ ಫ್ಲೋರೈಡ್ ಹೆಚ್ಚು ಅಂತ ಎಲ್ಲರಿಗೂ ಗೊತ್ತು. ಒಂದು ಲೀಟರಿನಲ್ಲಿ ಒಂದೂವರೆ ಮಿಲಿಗ್ರಾಂ ಮೀರಬಾರದು ಅಂತ ನಿಯಮ. ಹುಟ್ಟಿದಾಗಿನಿಂದ ಎಂಟು ವರ್ಷದವರೆಗೆ, ಮುಂದೆ ಬರುವ ಹಲ್ಲು ದವಡೆಯೊಳಗೇ ತಯಾರಾಗುತ್ತಿರುತ್ತದೆ. ಕಲೆ ಬೀಳುವುದು ಆಗ. ಆಮೇಲೆ ಎಷ್ಟು ಉಜ್ಜಿದರೂ ಹೋಗದು. ವರ್ಷಗಟ್ಟಲೆ ಅದೇ ನೀರು ಕುಡಿದರೆ ಮೂಳೆಗೂ ಸೇರಿ ಬೆನ್ನು, ಮಂಡಿ ಹಿಡಿದುಕೊಳ್ಳುತ್ತದೆ. ಕಾಯಿಸಿದರೆ ಸರಿಹೋಗುತ್ತದೆ ಅನ್ನುವವರಿದ್ದಾರೆ. ಅದು ತಪ್ಪು. ಕಾಯಿಸಿದರೆ ನೀರು ಇಂಗುತ್ತದೆ, ಫ್ಲೋರೈಡ್ ಅಲ್ಲೇ ಉಳಿಯುತ್ತದೆ. ಕ್ಯಾನಿನಲ್ಲಿ ಫಿಲ್ಟರ್ ನೀರು ತಂದು ಕುಡಿಯುತ್ತೇವೆ, ಆದರೆ ಮುದ್ದೆ, ಸಾರಿಗೆ ಬೋರಿನ ನೀರೇ ಹಾಕುತ್ತೇವೆ. ಅಡಿಗೆಗೂ ಶುದ್ಧ ನೀರು ಬೇಕು. ಟೀ ಪುಡಿಯಲ್ಲೂ ಫ್ಲೋರೈಡ್ ಇದೆ, ಮೇಲೆ ಊಟದಲ್ಲಿನ ಕಬ್ಬಿಣದ ಅಂಶ ಮೈಗೆ ಹತ್ತಲು ಟೀ ಬಿಡುವುದಿಲ್ಲ. ಆದ್ದರಿಂದ ಮಕ್ಕಳಿಗೆ ಟೀ ಬೇಡ. ಹಾಲು, ರಾಗಿಯಲ್ಲಿರುವ ಸುಣ್ಣದ ಅಂಶ ಮೂಳೆಗೆ ಒಳ್ಳೆಯದು.

ಶಾಲೆಗೆ ಸೇರಿದ ಮೇಲೆ ಬೆಳವಣಿಗೆ ನಿಧಾನ. ವರ್ಷಕ್ಕೆ ಐದಾರು ಸೆಂಟಿಮೀಟರ್. 2013ರ ಆಗಸ್ಟಿನಲ್ಲಿ ಕ್ಷೀರಭಾಗ್ಯ ಬಂತು, ಶಾಲೆಯಲ್ಲಿ ಬಿಸಿಯೂಟ ಇದೆ, ಮೊಟ್ಟೆ ಇದೆ. ಆದರೆ ಶಾಲೆಯಲ್ಲಿ ಕುಡಿಯುತ್ತದೆ ಅಂತ ಮನೆಯಲ್ಲಿ ತಪ್ಪಿಸಬಾರದು.

ಎರಡನೇ ಹದ ಹರೆಯದ್ದು. ಹೆಣ್ಣುಮಕ್ಕಳು ಹತ್ತು ಹನ್ನೆರಡು ವರ್ಷಕ್ಕೆ, ಗಂಡುಹುಡುಗರು ಎರಡು ವರ್ಷ ತಡವಾಗಿ ದಿಢೀರನೆ ಬೆಳೆಯುತ್ತಾರೆ. ಆಗ ಹಸಿವು ಜಾಸ್ತಿ, ನಿದ್ದೆ ಜಾಸ್ತಿ, ಸಿಟ್ಟೂ ಜಾಸ್ತಿ. ನಾವು ಅದನ್ನು ಸೋಮಾರಿತನ ಅಂತೀವಿ. ರಾತ್ರಿ ತ್ರೀಫೇಸ್ ಕರೆಂಟ್ ಬಂದಾಗ ನೀರು ಕಟ್ಟಲು ಒಂಬತ್ತನೇ ಕ್ಲಾಸಿನ ಹುಡುಗನನ್ನು ಎಬ್ಬಿಸಿ ಕಳಿಸುತ್ತೀವಿ. ಬೆಳಿಗ್ಗೆ ಕ್ಲಾಸಿನಲ್ಲಿ ತೂಕಡಿಸಿದರೆ ಬೈಯುತ್ತೀವಿ. ಹೆಣ್ಣುಮಗು ಮೈನೆರೆದ ದಿನ ಚಿಗಲಿ, ಕೊಬ್ಬರಿ, ತುಪ್ಪ ಕೊಡುತ್ತೀವಿ. ಮಾರನೇ ತಿಂಗಳಿಂದ ಅವಳು ಎಲ್ಲರೂ ಉಂಡ ಮೇಲೆ ಉಳಿದದ್ದು ಉಣ್ಣುತ್ತಾಳೆ. ತಿಂಗಳು ತಿಂಗಳೂ ರಕ್ತ ಹೋಗುವ ಮೈಗೆ ಕಾಳು, ಸೊಪ್ಪು, ಶಾಲೆಯಲ್ಲಿ ಕೊಡುವ ಕಬ್ಬಿಣಾಂಶದ ಮಾತ್ರೆ ತಪ್ಪಿಸಬಾರದು.

ದೊಡ್ಡವಳಾದಳು ಅಂದ ಮಾತ್ರಕ್ಕೆ ಬೆಳೆದು ಮುಗಿದಳು ಅಂತ ಅಲ್ಲ. ಇನ್ನೂ ಎರಡು ವರ್ಷ ಎತ್ತರ ಬೆಳೆಯುತ್ತಾಳೆ, ಸೊಂಟದ ಮೂಳೆ ಅದಕ್ಕೂ ಮುಂದೆ ಬೆಳೆಯುತ್ತದೆ. ಮೈ ತುಂಬದ ಕಡಸಿಗೆ ಇಂಜೆಕ್ಷನ್ ಹಾಕಿಸಲು ಒಪ್ಪದ ನಾವು, ಹದಿನಾರರ ಮಗಳಿಗೆ ಗಂಡು ಹುಡುಕುತ್ತೀವಿ. ಹೋಲಿಕೆ ಒರಟಾಯಿತು, ಕ್ಷಮಿಸಿ. ನನ್ನ ದೊಡ್ಡ ಮಗಳಿಗೆ ಹೋದ ವರ್ಷ ಒಳ್ಳೆಯ ಕಡೆ ಸಂಬಂಧ ಬಂದಿತ್ತು. ಸಾಲ ಇತ್ತು, ವರದಕ್ಷಿಣೆ ಬೇಡ ಅಂದಿದ್ದರು, ಮನಸ್ಸು ವಾಲಿತ್ತು. ಅವಳೇ, "ಅಪ್ಪಾ, ಇನ್ನೂ ಹದಿನೇಳು ತುಂಬಿಲ್ಲ" ಅಂದಳು. 2006ರ ಕಾನೂನು ನನಗೂ ಗೊತ್ತಿತ್ತು, ನೆನಪಿಸಿದ್ದು ಮಗಳು. ಈಗ ಪಿ.ಯು.ಸಿ. ಓದುತ್ತಿದ್ದಾಳೆ.

ಕೊನೆಯದಾಗಿ ಮೂರು ಸಲಹೆ. ಒಂದು, ವರ್ಷ ದಾಟಿದ ಮಕ್ಕಳಿರುವ ಪ್ರತಿ ಸದಸ್ಯರ ಮನೆಯಲ್ಲೂ ದಿನಾ ಅರ್ಧ ಲೀಟರ್ ಹಾಲು ಮೊದಲು ತೆಗೆದಿಟ್ಟು ಆಮೇಲೆ ಡೇರಿಗೆ ತರಬೇಕು. ನಿರ್ದೇಶಕನೇ ಹೀಗಂತಾನಲ್ಲ ಅಂತ ನಮ್ಮ ಕಾರ್ಯದರ್ಶಿಗಳು ನನ್ನನ್ನೇ ನೋಡುತ್ತಿದ್ದಾರೆ. ತಿಂಗಳಿಗೆ ಹದಿನೈದು ಲೀಟರಿನ ಬಟವಾಡೆ ಕಮ್ಮಿಯಾಗುತ್ತದೆ ನಿಜ, ನನಗೂ ಕಷ್ಟವೇ. ಎರಡು, ಸಂಘದ ಗೋಡೆಗೆ ಎತ್ತರ ಅಳೆಯುವ ಪಟ್ಟಿ ಬರೆಸಿ, ಮೂರು ತಿಂಗಳಿಗೊಮ್ಮೆ ಅಂಗನವಾಡಿಯವರ ಜೊತೆ ಸೇರಿ ಮಕ್ಕಳ ತೂಕ, ಎತ್ತರ ನೋಡಬೇಕು. ಹಾಲಿಗೆ ದಿನಕ್ಕೆ ಎರಡು ಸಲ ಫ್ಯಾಟ್ ನೋಡುತ್ತೀವಿ, ಇದಕ್ಕೇನು ಕಷ್ಟ? ಮೂರು, ಊರಿನ ಬೋರುಗಳ ನೀರು ಪರೀಕ್ಷೆ ಮಾಡಿಸಿ, ಫಲಿತಾಂಶವನ್ನು ಹಾಲಿನ ದರದ ಬೋರ್ಡಿನ ಪಕ್ಕದಲ್ಲೇ ಬರೆಸಬೇಕು. ಇದನ್ನು ಮುಂದಿನ ಆಡಳಿತ ಮಂಡಳಿ ಸಭೆಗೆ ವಿಷಯವಾಗಿ ಕೊಟ್ಟಿದ್ದೇನೆ.

ನನ್ನ ಎರಡನೇ ಮಗಳು ಈಗ ಏಳನೇ ಕ್ಲಾಸು. ತೂಕ ಸರಿಹೋಗಿದೆ, ಓದಿನಲ್ಲಿ ಚುರುಕು. ಎತ್ತರದಲ್ಲಿ ಮಾತ್ರ ಓರಗೆಯವರಿಗಿಂತ ಅರ್ಧ ಗೇಣು ಕಮ್ಮಿ. ಅವಳು ಅದನ್ನು ಯಾವತ್ತೂ ಕೇಳಿಲ್ಲ. ನಾನೇ ಇವತ್ತು ತಮ್ಮೆಲ್ಲರ ಮುಂದೆ ಒಪ್ಪಿಕೊಂಡಿದ್ದೇನೆ.



ಜೈ ಹಿಂದ್, ಜೈ ಸಹಕಾರ.