ಫ್ರಿಲ್ಲಿನ ಅಂದ, ಹೊಲಿಗೆಯ ಲೆಕ್ಕ

(ಸಂಘದ ಹೊಲಿಗೆ ತರಗತಿಯಲ್ಲಿ ಮಾಡಿದ ಭಾಷಣದ ಬರಹರೂಪ)

 

ಉರ್ದುವಿನಲ್ಲಿ ನಾವು ಝಾಲರ್ ಎನ್ನುತ್ತೇವೆ. ಕನ್ನಡದಲ್ಲಿ ನೆರಿಗೆಯ ಅಂಚು ಎನ್ನಬಹುದು. ಟೈಲರ್ ಅಂಗಡಿಯಲ್ಲಿ ಎಲ್ಲರ ಬಾಯಲ್ಲೂ ಅದು ಫ್ರಿಲ್. ಇಂಗ್ಲೆಂಡಿನ ರಾಣಿ ವಿಕ್ಟೋರಿಯಾ ಆಳಿದ 1837ರಿಂದ 1901ರವರೆಗಿನ ಕಾಲದ ಮಾದರಿಯ ಬೇಸಿಗೆ ಉಡುಪನ್ನು ಇಂದಿಗೂ ಹಲವರು ಆಸೆಪಟ್ಟು ಹೊಲಿಸಿಕೊಳ್ಳುತ್ತಾರೆ. ತೆಳುವಾದ ಬಿಳಿ ಹತ್ತಿ ಬಟ್ಟೆ, ಎತ್ತರದ ಕತ್ತು, ಪೂರ್ಣ ತೋಳು, ಪಾದದವರೆಗೆ ಇಳಿದ ಲಂಗ, ಅದರ ಮೇಲೆ ಸಾಲು ಸಾಲು ಫ್ರಿಲ್. ನೋಡಲು ಬಹಳ ಚೆಂದ. ಆ ಅಂದವನ್ನು ಹೇಗೆ ಹೊಲಿಯಬೇಕು, ಅದರ ಬೆಲೆಯನ್ನು ಹಿಂದೆ ಯಾರು ತೆತ್ತರು ಎಂಬ ಎರಡು ಮಾತುಗಳನ್ನು ನಿಮ್ಮ ಮುಂದೆ ಇಡುತ್ತೇನೆ.

ಮೊದಲು ಬಟ್ಟೆ. ಢಾಕಾದ ನೇಕಾರರು ಕೈಯಿಂದ ನೇಯ್ದ ಮಸ್ಲಿನ್ 18ನೇ ಶತಮಾನದಲ್ಲಿ ಇಂಗ್ಲೆಂಡಿನ ಮನೆಗಳನ್ನು ತಲುಪುತ್ತಿತ್ತು. ವಿಕ್ಟೋರಿಯಾ ಕಾಲಕ್ಕೆ ಆ ಜಾಗವನ್ನು ಲ್ಯಾಂಕಾಶೈರಿನ ಗಿರಣಿ ಬಟ್ಟೆ ಹಿಡಿಯಿತು. ನೀವು ಹೊಲಿಯುವುದಾದರೆ ಮಲ್‌ಮಲ್, ವಾಯಿಲ್ ಅಥವಾ ಕ್ಯಾಂಬ್ರಿಕ್ ತೆಗೆದುಕೊಳ್ಳಿ. ಕತ್ತರಿಸುವ ಮುಂಚೆ ನೀರಿನಲ್ಲಿ ನೆನೆಸಿ ಒಣಗಿಸಿ. ಹತ್ತಿ ಬಟ್ಟೆ ಮೊದಲ ಒಗೆತಕ್ಕೆ ಕುಗ್ಗುತ್ತದೆ. ಹೊಲಿದ ಮೇಲೆ ಕುಗ್ಗಿದರೆ ಫ್ರಿಲ್ ಸೊಟ್ಟಗಾಗುತ್ತದೆ.

ಇನ್ನು ಲೆಕ್ಕ. ಲಂಗದ ಸುತ್ತಳತೆ 3 ಮೀಟರ್ ಎಂದುಕೊಳ್ಳಿ. ಫ್ರಿಲ್ಲಿಗೆ ಅದರ ಎರಡು ಪಟ್ಟು, ಅಂದರೆ 6 ಮೀಟರ್ ಉದ್ದದ ಪಟ್ಟಿ ಬೇಕು. ಮೂರು ಸಾಲಿಗೆ 18 ಮೀಟರ್. ಮೊದಲು ಪಟ್ಟಿಯ ಕೆಳ ಅಂಚನ್ನು ಸಣ್ಣಗೆ ಮಡಿಚಿ ಹೊಲಿಯಬೇಕು. ಮೇಲಂಚಿನಲ್ಲಿ ಮಷಿನ್ ಹೊಲಿಗೆಯನ್ನು ಉದ್ದ ಮಾಡಿಟ್ಟು ಎರಡು ಸಾಲು ಸಡಿಲವಾಗಿ ಹೊಲಿಯಬೇಕು. ಪಟ್ಟಿಯನ್ನೂ ಲಂಗವನ್ನೂ ನಾಲ್ಕು ಸಮಭಾಗ ಮಾಡಿ ಗುರುತು ಹಾಕಿ, ಬಾಬಿನ್ ದಾರವನ್ನು ಮೆಲ್ಲಗೆ ಎಳೆದು, ಗುರುತಿಗೆ ಗುರುತು ಕೂಡಿಸಿ ಗುಂಡುಸೂಜಿ ಚುಚ್ಚಿ. ಪಟ್ಟಿಯನ್ನು ಮೇಲ್ಮುಖವಾಗಿ, ಒಳಮೈ ಹೊರಗೆ ಬರುವಂತೆ ಇಟ್ಟು, ಆ ಎರಡು ಸಾಲುಗಳ ನಡುವೆ ಹೊಲಿದು ಕೆಳಕ್ಕೆ ಮಡಿಚಿದರೆ ಬಟ್ಟೆಯ ಕಚ್ಚಾ ಅಂಚು ಒಳಗೆ ಅಡಗುತ್ತದೆ.

ಈಗ ಕೂಡಿಸಿ ನೋಡಿ. ಅಂಚಿಗೆ 18 ಮೀಟರ್, ಚುನ್ನಟ್ ಎಳೆಯುವ ಎರಡು ಸಾಲಿಗೆ 36 ಮೀಟರ್, ಲಂಗಕ್ಕೆ ಕೂಡಿಸಲು 9 ಮೀಟರ್. ಒಟ್ಟು 63 ಮೀಟರ್ ಹೊಲಿಗೆ! ಇದು ಫ್ರಿಲ್ಲಿಗೆ ಮಾತ್ರ. ಉಡುಪಿನ ಮಿಕ್ಕ ಹೊಲಿಗೆ ಬೇರೆ.

ಹೊಲಿಗೆ ಯಂತ್ರ ಬರುವ ಮೊದಲು ಇದೆಲ್ಲ ಕೈಸೂಜಿಯ ಕೆಲಸ. ಅಮೆರಿಕದಲ್ಲಿ ಎಲಿಯಾಸ್ ಹೋವ್ 1846ರಲ್ಲಿ, ಐಸಾಕ್ ಸಿಂಗರ್ 1851ರಲ್ಲಿ ತಮ್ಮ ಯಂತ್ರಗಳಿಗೆ ಪೇಟೆಂಟ್ ಪಡೆದರು. ಗಂಡಸರ ಒಂದು ಅಂಗಿಗೆ ಕೈಯಲ್ಲಾದರೆ 14 ಗಂಟೆ 26 ನಿಮಿಷ, ಯಂತ್ರದಲ್ಲಾದರೆ 1 ಗಂಟೆ 16 ನಿಮಿಷ ಸಾಕೆಂದು ವೀಲರ್ ಅಂಡ್ ವಿಲ್ಸನ್ ಎಂಬ ಯಂತ್ರದ ಕಂಪನಿ ಲೆಕ್ಕ ಕೊಟ್ಟಿತ್ತು. ಹಾಗಾದರೆ ಹೊಲಿಯುವ ಹೆಣ್ಣುಮಕ್ಕಳಿಗೆ ಬಿಡುವು ಸಿಕ್ಕಿತೇ? ಇಲ್ಲ. ಯಂತ್ರ ಉಳಿಸಿದ ಸಮಯವನ್ನೆಲ್ಲ ಫ್ರಿಲ್ಲುಗಳು ತಿಂದವು. 1870ರ ದಶಕದ ಉಡುಪುಗಳನ್ನು ನೋಡಿ, ಲಂಗದ ತುಂಬ ಅಲಂಕಾರ.

ಇಲ್ಲೊಂದು ದುಃಖದ ಸಂಗತಿಯನ್ನು ಹೇಳಲೇಬೇಕು. 1863ರ ಜೂನ್‌ನಲ್ಲಿ ಲಂಡನ್ನಿನ ಹೊಲಿಗೆ ಮನೆಯೊಂದರಲ್ಲಿ ಮೇರಿ ಆನ್ ವಾಕ್ಲಿ ಎಂಬ 20 ವರ್ಷದ ಯುವತಿ ತೀರಿಕೊಂಡಳು. ರಾಜಮನೆತನದ ಹೊಸ ಸೊಸೆಯ ಗೌರವಾರ್ಥ ನಡೆಯಲಿದ್ದ ನೃತ್ಯಕೂಟಕ್ಕೆ ಸಿರಿವಂತ ಮಹಿಳೆಯರ ಉಡುಪು ತುರ್ತಾಗಿ ಬೇಕಿತ್ತು. ಗಾಳಿಯಿಲ್ಲದ ಕೋಣೆಯಲ್ಲಿ ಅವಳು ಬಿಡುವಿಲ್ಲದೆ ಇಪ್ಪತ್ತಾರೂವರೆ ಗಂಟೆ ದುಡಿದಿದ್ದಳು. ಪತ್ರಿಕೆಗಳಲ್ಲಿ ಸುದ್ದಿಯಾದ ಈ ಸಾವನ್ನು ಕಾರ್ಲ್ ಮಾರ್ಕ್ಸ್ 1867ರ ತನ್ನ 'ಕ್ಯಾಪಿಟಲ್' ಗ್ರಂಥದಲ್ಲಿ ದಾಖಲಿಸಿದ್ದಾನೆ. ಉಡುಪು ತೊಟ್ಟವರ ಚಿತ್ರಗಳು ಇಂದಿಗೂ ಉಳಿದಿವೆ. ಹೊಲಿದವರ ಹೆಸರುಗಳಲ್ಲಿ ನಮಗೆ ಸಿಗುವುದು ಇಂಥ ಕೆಲವೇ ಕೆಲವು.

ತೊಡುವವರಿಗೂ ಸುಖವಿರಲಿಲ್ಲ. ಒಳಗೆ ಬಿಗಿಯಾದ ಕಾರ್ಸೆಟ್, ಪದರ ಪದರ ಒಳಲಂಗ. 1881ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ರ‍್ಯಾಷನಲ್ ಡ್ರೆಸ್ ಸೊಸೈಟಿ, ಒಳ ಉಡುಪುಗಳ ತೂಕ 7 ಪೌಂಡ್, ಅಂದರೆ ಸುಮಾರು 3 ಕಿಲೋ ಮೀರಬಾರದೆಂದು ಕೇಳಬೇಕಾಯಿತು! ಬೆಂಕಿಯ ಭಯವೂ ಇತ್ತು. ಅಮೆರಿಕದ ಕವಿ ಲಾಂಗ್‌ಫೆಲೋ ಅವರ ಪತ್ನಿ ಫ್ಯಾನಿ 1861ರ ಜುಲೈನಲ್ಲಿ ಉಡುಪಿಗೆ ಬೆಂಕಿ ತಗುಲಿ ಮೃತರಾದರು. ನೀವು ಕಾರ್ಸೆಟ್ ಬಿಟ್ಟು, ಸಡಿಲವಾಗಿ, ಒಂದೇ ಹತ್ತಿಯ ಅಸ್ತರು ಹಾಕಿ ಹೊಲಿಯಿರಿ. ಲಂಗವನ್ನು ನೆಲದಿಂದ ನಾಲ್ಕು ಬೆರಳು ಮೇಲಿಡಿ, ಮೆಟ್ಟಿಲು ಹತ್ತುವಾಗ ಕಾಲಿಗೆ ತೊಡರುವುದಿಲ್ಲ. ತೋಳಿನ ತುದಿಗೆ ಫ್ರಿಲ್ ಇದ್ದರೆ ಗ್ಯಾಸ್ ಒಲೆಯ ಹತ್ತಿರ ಹೋಗಬೇಡಿ.

ವಿದ್ಯಾರ್ಥಿನಿಯರೇ, ನಿಮ್ಮಲ್ಲಿ ಹಲವರು ನಾಳೆ ಮನೆಯಲ್ಲಿ ಮಷಿನ್ ಇಟ್ಟು ನಾಲ್ಕು ಕಾಸು ಸಂಪಾದಿಸುವವರು. ಪರಿಚಯದವರು ಬಂದು, "ಸಾದಾ ಉಡುಪೇ, ಸ್ವಲ್ಪ ಫ್ರಿಲ್ ಹಾಕಿಕೊಡಮ್ಮ" ಎನ್ನುತ್ತಾರೆ. ಸಂಕೋಚದಿಂದ ಸಾದಾ ಉಡುಪಿನ ಕೂಲಿಗೇ ಒಪ್ಪಿಕೊಳ್ಳಬೇಡಿ. ಸುತ್ತಳತೆ ಕೇಳಿ, ಸಾಲು ಎಣಿಸಿ, ಮೀಟರ್ ಲೆಕ್ಕ ಹಾಕಿ ಕಾಗದದ ಮೇಲೆ ಬರೆದು ತೋರಿಸಿ. ಶಾಲೆಯಲ್ಲಿ ಕಲಿತ ಗುಣಾಕಾರ ಇದಕ್ಕೇ ಇರುವುದು. ಹೊಲಿಸುವ ಸದಸ್ಯ ಬಂಧುಗಳಲ್ಲಿಯೂ ನನ್ನ ವಿನಂತಿ ಇಷ್ಟೇ: ನಾಳೆ ಹಬ್ಬವೆಂದು ಇಂದು ಬಟ್ಟೆ ಕೊಡಬೇಡಿ. ಕೊಟ್ಟ ಕೆಲಸಕ್ಕೆ ತಕ್ಕ ಕೂಲಿಯನ್ನು ಚೌಕಾಸಿ ಮಾಡದೆ ಕೊಡಿ.